ಗ ಒತ್ತಿದರೆ ರ ಬಂತು

2023ರ ಏಪ್ರಿಲ್ 17, ಸೋಮವಾರ. ಅಂಗಡಿಯ ಷಟರ್ ಎತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಕಂಪ್ಯೂಟರ್ ಆನ್ ಮಾಡುವ ಹೊತ್ತಿಗೆ ಹಿರಿಯರೊಬ್ಬರು ಬಂದು ಬೆಂಚಿನ ಮೇಲೆ ಕೂತಿದ್ದರು. ಹೊಸನಗರದ ಕಡೆಯವರು. ಮೊದಲ ಬಸ್ಸಿಗೇ ಹೊರಟು ಬಂದಿದ್ದರು. ಮೇ ತಿಂಗಳಲ್ಲಿ ಮಗಳ ಮದುವೆ. ಜೇಬಿನಿಂದ ಪುರೋಹಿತರು ಬರೆದುಕೊಟ್ಟ ಚೀಟಿ ತೆಗೆದು ನನ್ನ ಕೈಗೆ ಕೊಟ್ಟರು. "ನಾನೂರು ಕಾರ್ಡು ಬೇಕು ತಂಗಿ. ಗುರುವಾರದೊಳಗೆ ಸಿಕ್ಕಿದ್ರೆ ಶುಕ್ರವಾರದಿಂದ ಕರೆಯೋಕೆ ಹೊರಡ್ತೀವಿ" ಅಂದರು.

ಪೇಜ್‌ಮೇಕರ್‌ನಲ್ಲಿ ಒಂದು ಹಳೆಯ ಲಗ್ನಪತ್ರಿಕೆ ತೆರೆದೆ. ಶ್ರೀಕಾರ, ಗಣಪತಿಯ ಚಿತ್ರ, ಸುತ್ತಲಿನ ಬಾರ್ಡರ್ ಹಾಗೇ ಇದ್ದರೆ ಸಾಕು. ಹೆಸರು, ಮುಹೂರ್ತ, ಸ್ಥಳ ಬದಲಿಸಿದರೆ ಅರ್ಧ ಗಂಟೆಯ ಕೆಲಸ. ಹುಡುಗಿಯ ಅಜ್ಜನ ಹೆಸರು ಗಣಪತಿ ಅಂತ. ಹಳೆಯ ಹೆಸರು ಅಳಿಸಿ ಗ ಒತ್ತಿದೆ. ತಲೆಕಟ್ಟಿಲ್ಲದ ಒಂದು ರ ಬಂದು ಕೂತಿತು. ಕೈ ತಪ್ಪಿರಬೇಕು ಅಂದುಕೊಂಡು ಮತ್ತೆ ಒತ್ತಿದೆ. ಮತ್ತೆ ಅದೇ. ದ ಒತ್ತಿ ನೋಡಿದೆ. ಜ ಬಂತು.

ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಜೋಡಿಸುವ ಕೆಲಸ ಮಾಡುವವರಿಗೆ ಇದರ ಅರ್ಥ ತಕ್ಷಣ ಗೊತ್ತಾಗುತ್ತದೆ. ಕನ್ನಡ ಟೈಪ್ ಮಾಡುವ ತಂತ್ರಾಂಶ ನುಡಿ ಓಡುತ್ತಿಲ್ಲ. ನಮ್ಮ ಹಳೆಯ ನುಡಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದಾರೆ. ಒಂದು ಕಡೆ ರ ಅಕ್ಷರದ ಮೈ, ಇನ್ನೊಂದು ಕಡೆ ಅದರ ತಲೆಕಟ್ಟು, ಮತ್ತೊಂದು ಕಡೆ ಒತ್ತು. ನಾವು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಒತ್ತಿದ್ದನ್ನು ನುಡಿ ಮಧ್ಯದಲ್ಲಿ ಹಿಡಿದು, ಯಾವ ತುಂಡಿಗೆ ಯಾವುದು ಸೇರಬೇಕು ಅಂತ ಜೋಡಿಸಿ ಕೊಡುತ್ತದೆ. ಅದು ಇಲ್ಲದಿದ್ದರೆ ಫಾಂಟು ಕನ್ನಡದ್ದೇ ಆದರೂ ಅಕ್ಷರ ಕನ್ನಡ ಆಗುವುದಿಲ್ಲ.

ಕೆಳಗೆ ಗಡಿಯಾರದ ಪಕ್ಕ ನೋಡಿದೆ. ನುಡಿಯ ಗುರುತು ಇರಲಿಲ್ಲ. ಡೆಸ್ಕ್‌ಟಾಪ್‌ನಲ್ಲಿದ್ದ ಶಾರ್ಟ್‌ಕಟ್ ಕ್ಲಿಕ್ ಮಾಡಿದರೆ, ಆ ಫೈಲೇ ಇಲ್ಲ ಅಂತ ಉತ್ತರ ಬಂತು. ಶನಿವಾರ ರಾತ್ರಿ ಎಂಟರವರೆಗೂ ಅದರಲ್ಲೇ ಕೆಲಸ ಮಾಡಿದ್ದೆ. ಭಾನುವಾರ ಅಂಗಡಿ ರಜೆ.

ಸಾಗರದ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮ ಅಂಗಡಿ. ಮೊದಲು ಅದು ಮಾವನವರ ಅಚ್ಚುಕೂಟ. ಮೊಳೆ ಜೋಡಿಸಿ, ಕಾಲಲ್ಲಿ ತುಳಿಯುವ ಮಿಷನ್ನಿನಲ್ಲಿ ಅಚ್ಚು ಹಾಕುತ್ತಿದ್ದರು. ಈಗ ಮುಂದಿನ ಕೋಣೆಯಲ್ಲಿ ನಾನು ಡಿಟಿಪಿ, ಜೆರಾಕ್ಸ್, ಸ್ಕ್ಯಾನಿಂಗ್ ನೋಡಿಕೊಳ್ಳುತ್ತೇನೆ. ಹಿಂದಿನ ಕೋಣೆಯಲ್ಲಿ ಯಜಮಾನರ ಆಫ್‌ಸೆಟ್ ಮಿಷನ್. ನನ್ನದು 14 ವರ್ಷದ ಕೆಲಸ. ಅಷ್ಟೂ ಆ ಒಂದೇ ಕಂಪ್ಯೂಟರಿನಲ್ಲಿತ್ತು. ಲಗ್ನಪತ್ರಿಕೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಸೊಸೈಟಿಯ ವಾರ್ಷಿಕ ವರದಿ, ಶಾಲೆಯ ಪ್ರಶ್ನೆಪತ್ರಿಕೆ, ಯಕ್ಷಗಾನದ ಕರಪತ್ರ. ಸಾಗರ, ಸೊರಬ, ಹೊಸನಗರದ ಎಷ್ಟೋ ಮನೆಗಳ ಸುಖದುಃಖ ಅದರಲ್ಲಿದೆ. ಮದುವೆಯ ಕಾರ್ಡು ಮಾಡಿಕೊಟ್ಟ ಮನೆಯವರೇ ಹತ್ತು ವರ್ಷದ ನಂತರ ಮಗುವಿನ ಉಪನಯನಕ್ಕೆ ಬಂದು, "ಆವತ್ತಿಂದು ಇದೆಯಾ, ಹೆಸರೆಲ್ಲ ಅದರಲ್ಲೇ ಸರಿ ಇದೆ" ಅಂತ ಕೇಳುತ್ತಾರೆ. ಇದೆ ಅಂತ ಹೇಳುವುದು ನನಗೆ ಹೆಮ್ಮೆ.

ಆ ಕಂಪ್ಯೂಟರಿನಲ್ಲಿ ವೈರಸ್ ತಡೆಯುವ ಆಂಟಿವೈರಸ್ ಕೂಡ ಇತ್ತು. ಅದು ಬೇಡ ಅನ್ನುವವಳಲ್ಲ ನಾನು. ಬೇಕು ಅಂತ ನಾನೇ ದುಡ್ಡು ಕೊಟ್ಟು ತಂದದ್ದು. ನಮ್ಮಂಥ ಅಂಗಡಿಗೆ ದಿನಕ್ಕೆ ಹತ್ತಿಪ್ಪತ್ತು ಪೆನ್‌ಡ್ರೈವ್ ಬರುತ್ತವೆ. ಯಾರ ಪೆನ್‌ಡ್ರೈವಿನಲ್ಲಿ ಏನಿರುತ್ತದೋ ಗೊತ್ತಾಗುವುದಿಲ್ಲ. 2021ರಲ್ಲಿ ಒಂದು ಪೆನ್‌ಡ್ರೈವ್ ಹಾಕಿದ್ದೇ, ನನ್ನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣತೊಡಗಿದ್ದವು. ಒಳಗಿನ ಫೈಲುಗಳು ಮರೆಯಾಗಿದ್ದವು, ಅಳಿಸಿ ಹೋಗಿರಲಿಲ್ಲ. ಅವನ್ನು ಹೊರಗೆ ತರಲು ಎರಡು ದಿನ ಬೇಕಾಯಿತು. ಆ ಹೆದರಿಕೆಗೆ ಅದೇ ವಾರ ಶಿವಮೊಗ್ಗದಿಂದ ಆಂಟಿವೈರಸ್ ಡಬ್ಬಿ ತರಿಸಿದೆ. ಒಳಗಿನ ಚೀಟಿಯಲ್ಲಿದ್ದ ನಂಬರು ಕೆರೆದು ಹಾಕಿದರೆ ಒಂದು ವರ್ಷದ ಕಾವಲು. 2022ರಲ್ಲಿ ಅದನ್ನೇ ನವೀಕರಿಸಿದೆ.

ಅದು ಬಂದಮೇಲೆ ಕಂಪ್ಯೂಟರ್ ನಿಧಾನ ಆಗಿದ್ದು ನಿಜ. ನಾಲ್ಕು ಜಿಬಿ ರ‍್ಯಾಮ್, ಹಳೆಯ ಹಾರ್ಡ್‌ಡಿಸ್ಕ್, ಮೇಲೆ ವಿಂಡೋಸ್ 10. ಆನ್ ಆಗಿ ಮೌಸ್ ಮಾತು ಕೇಳುವ ಹೊತ್ತಿಗೆ ಹತ್ತು ನಿಮಿಷ ಕಳೆಯುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ಅನ್ನುವ ಕಡೆ ನೂರಕ್ಕೆ ನೂರು ಅಂತ ಕೆಂಪಾಗಿ ಕಾಣುತ್ತಿತ್ತು. ನಾನು ಒಂದು ಫೈಲು ತೆರೆದರೆ ಮೊದಲು ಆಂಟಿವೈರಸ್ ಅದನ್ನು ಓದುತ್ತದೆ, ಆಮೇಲೆ ನನಗೆ ಬಿಡುತ್ತದೆ. ಫಾಂಟು, ಚಿತ್ರ, ಪೇಜ್‌ಮೇಕರಿನ ಫೈಲು, ಪ್ರಿಂಟಿಗೆ ಕಳಿಸುವಾಗ ಹುಟ್ಟುವ ತಾತ್ಕಾಲಿಕ ಫೈಲು, ಎಲ್ಲಕ್ಕೂ ಇದೇ ತಪಾಸಣೆ. ಮಧ್ಯಾಹ್ನ ಗಿರಾಕಿಗಳ ರಶ್ ಇದ್ದಾಗಲೇ ಪೂರ್ತಿ ಸ್ಕ್ಯಾನ್ ಶುರುವಾಗುತ್ತಿತ್ತು. ಕಾವಲು ಇದೆಯಲ್ಲ, ಸ್ವಲ್ಪ ತಡ ಆದರೂ ಪರವಾಗಿಲ್ಲ ಅಂತ ಸಹಿಸಿಕೊಂಡಿದ್ದೆ. ಎರಡು ವರ್ಷ ಹಾಗೇ ಕಳೆಯಿತು.

ಸೋಮವಾರಕ್ಕೆ ಬರುತ್ತೇನೆ. ನುಡಿ ಹೋದರೆ ಮತ್ತೆ ಹಾಕಿಕೊಂಡರಾಯಿತು, ಸೆಟಪ್ ಫೈಲು ಪೆನ್‌ಡ್ರೈವಿನಲ್ಲಿ ಇಟ್ಟಿದ್ದೆ. ಚುಚ್ಚಿ, ಫೈಲನ್ನು ಡೆಸ್ಕ್‌ಟಾಪ್‌ಗೆ ಹಾಕಿಕೊಂಡೆ. ಎರಡು ಕ್ಷಣ ಕಂಡಿತು, ಕಣ್ಣೆದುರೇ ಮಾಯವಾಯಿತು. ಬಲಗಡೆ ಮೂಲೆಯಲ್ಲಿ ಹಸಿರು ಪಟ್ಟಿಯೊಂದು ಮೇಲೆದ್ದು, ಅಪಾಯವನ್ನು ತೆಗೆದುಹಾಕಲಾಗಿದೆ, ನೀವು ಏನೂ ಮಾಡಬೇಕಾಗಿಲ್ಲ ಅಂತ ಇಂಗ್ಲಿಷಿನಲ್ಲಿ ಹೇಳಿ ಕೆಳಗಿಳಿಯಿತು. ಆಗ ಗೊತ್ತಾಯಿತು ನುಡಿ ಎಲ್ಲಿಗೆ ಹೋಯಿತು ಅಂತ. ಪೆನ್‌ಡ್ರೈವ್ ತೆರೆದು ನೋಡಿದರೆ ಅಲ್ಲಿಯೂ ಸೆಟಪ್ ಇರಲಿಲ್ಲ.

ನನಗೆ ಅಳು ಬಂದಂತಾಯಿತು. ನನ್ನ ಅನ್ನದ ದಾರಿಯನ್ನೇ ಅಪಾಯ ಅಂತ ಕರೆದು ಅಳಿಸುವಾಗ ಒಂದು ಮಾತು ಕೇಳಲಿಲ್ಲವಲ್ಲ ಅನ್ನಿಸಿತು. ಬೆಂಚಿನ ಮೇಲೆ ಕೂತ ಹಿರಿಯರಿಗೆ ಇದನ್ನು ಹೇಗೆ ವಿವರಿಸುವುದು? "ಸ್ವಲ್ಪ ತೊಂದರೆ ಆಗಿದೆ ಮಾವ, ಚಾ ಕುಡಿದುಕೊಂಡು ಬನ್ನಿ" ಅಂದೆ. ಪಾಪ, ಅವರು ಚಾ ಕುಡಿದು ಬಂದು ಮತ್ತೆ ಅಲ್ಲೇ ಕೂತರು.

ಆ ವಾರ ಬೇರೆ ಹೊತ್ತು ಅಂತ ಇರಲೇ ಇಲ್ಲ. ಮೇ 10ಕ್ಕೆ ವಿಧಾನಸಭಾ ಚುನಾವಣೆ, ನಾಮಪತ್ರಕ್ಕೆ ಏಪ್ರಿಲ್ 20 ಕೊನೆಯ ದಿನ. ಕರಪತ್ರದ ಕೆಲಸ ಸಾಲಾಗಿ ನಿಂತಿತ್ತು. ಚುನಾವಣೆಯ ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು ಅಂತ ಕಾನೂನು ಇದೆ. ಒಂದು ಅಕ್ಷರ ತಪ್ಪಿದರೂ ಪ್ರೆಸ್ಸಿನವರೇ ಉತ್ತರ ಹೇಳಬೇಕು. ಅಂಥ ಹೊತ್ತಿನಲ್ಲಿ ನನ್ನ ಕೈಯಲ್ಲಿ ಕನ್ನಡವೇ ಇಲ್ಲ. ವಿಂಡೋಸ್ ಒಳಗೇ ಒಂದು ಕನ್ನಡ ಕೀಲಿಮಣೆ ಇದೆ, ನಿಜ. ಆದರೆ ಅದು ಯೂನಿಕೋಡ್, ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಡೆ ಒಂದೇ ಸಂಕೇತ ಇರುವ ಈಗಿನ ಪದ್ಧತಿ. ನಮ್ಮ ಪೇಜ್‌ಮೇಕರ್ 7 ಹಳೆಯದು, ಅದಕ್ಕೆ ಯೂನಿಕೋಡ್ ಕನ್ನಡ ತಿಳಿಯುವುದಿಲ್ಲ.

ರಿಪೇರಿ ಮಾಡುವ ಹುಡುಗನಿಗೆ ಫೋನ್ ಮಾಡಿದೆ. ಒಳ್ಳೆಯ ಹುಡುಗ, ಕರೆದಾಗ ಬರುತ್ತಾನೆ. ಬಂದು ನೋಡಿದವನೇ, "ಅಕ್ಕಾ, ಫಾರ್ಮ್ಯಾಟ್ ಮಾಡ್ಬಿಡೋಣ, ಎಲ್ಲ ಹೊಸದಾಗ್ತದೆ" ಅಂದ. ಬೇಡ ಅಂದೆ. 14 ವರ್ಷದ ಫಾಂಟುಗಳು, ಫೈಲುಗಳು, ಪ್ರಿಂಟರಿನ ಸೆಟ್ಟಿಂಗುಗಳು. ಅವನ್ನೆಲ್ಲ ಮತ್ತೆ ಕೂರಿಸಲು ನನಗೆ ಒಂದು ವಾರ ಸಾಲದು. ಹಾಗಾದರೆ ನಿಜವಾಗಿ ವೈರಸ್ ಇದೆಯೋ ಇಲ್ಲವೋ ಅಂತ ಇನ್ನೊಂದು ಆಂಟಿವೈರಸ್ ಹಾಕಿ ಕೇಳೋಣ ಅಂದ. ಉಚಿತವಾಗಿ ಸಿಗುವ ಒಂದನ್ನು ಇಳಿಸಿ, ಮೊದಲಿನದರ ಪಕ್ಕದಲ್ಲೇ ಹಾಕಿದ. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಡಾಕ್ಟರ ಹತ್ತಿರ ಹೋದಾಗ ಎರಡನೇ ಅಭಿಪ್ರಾಯ ಕೇಳುವುದಿಲ್ವಾ, ಹಾಗೆ.

ರೀಸ್ಟಾರ್ಟ್ ಮಾಡಿದೆವು. ವಿಂಡೋಸ್‌ನ ಚಿಹ್ನೆ ಬಂತು, ಚುಕ್ಕಿಗಳು ತಿರುಗಿದವು, ಆಮೇಲೆ ಕಪ್ಪು ತೆರೆ. ಅದರ ಮೇಲೆ ಬಿಳಿ ಬಾಣ ಒಂದೇ. ಅರ್ಧ ಗಂಟೆ ಕಾದೆವು. ಪವರ್ ಬಟನ್ ಒತ್ತಿ ಹಿಡಿದು ಆರಿಸಿ ಮತ್ತೆ ಹಾಕಿದೆವು. ಈ ಸಲ ನೀಲಿ ತೆರೆ.

ಇದು ಯಾಕೆ ಹೀಗಾಗುತ್ತದೆ ಅಂತ ಆಮೇಲೆ ತಿಳಿದುಕೊಂಡೆ. ಪೂರ್ತಿ ಪ್ರಮಾಣದ ಆಂಟಿವೈರಸ್ ಬೇರೆ ತಂತ್ರಾಂಶಗಳ ಹಾಗೆ ಮೇಲೆ ಕೂರುವುದಿಲ್ಲ. ವಿಂಡೋಸ್‌ನ ಗರ್ಭಗುಡಿಯವರೆಗೆ, ಅಂದರೆ ಕರ್ನೆಲ್‌ವರೆಗೆ, ಅದರ ಒಂದು ಡ್ರೈವರ್ ಇಳಿದಿರುತ್ತದೆ. ಫೈಲು ತೆರೆಯುವ ಪ್ರತಿ ಕೋರಿಕೆಯೂ ಅದರ ಕೈ ದಾಟಿಯೇ ಹೋಗಬೇಕು. ಅಂಥ ಇಬ್ಬರು ಒಂದೇ ಬಾಗಿಲಲ್ಲಿ ನಿಂತರೆ, ಒಂದು ತೆರೆದ ಫೈಲನ್ನು ಇನ್ನೊಂದು ತಡೆದು ನೋಡುತ್ತದೆ, ಅದು ನೋಡುತ್ತಿರುವುದನ್ನು ಮೊದಲಿನದು ಮತ್ತೆ ತಡೆಯುತ್ತದೆ. ಒಬ್ಬರು ಇನ್ನೊಬ್ಬರ ಕಡತಗಳನ್ನೇ ವೈರಸ್ ಅಂದುಕೊಳ್ಳುವುದೂ ಉಂಟು. ಆ ಆಳದಲ್ಲಿ ತಪ್ಪಾದರೆ ಒಂದು ಕಿಟಕಿ ಮುಚ್ಚಿ ಸುಮ್ಮನಾಗುವುದಿಲ್ಲ, ಇಡೀ ಯಂತ್ರವೇ ನಿಲ್ಲುತ್ತದೆ. ಎರಡನೇ ಅಭಿಪ್ರಾಯಕ್ಕೆ ಅಂತಲೇ ಬೇರೆ ಸಣ್ಣ ಸ್ಕ್ಯಾನರುಗಳಿವೆ. ಕರೆದಾಗ ನೋಡಿ ಹೋಗುತ್ತವೆ, ಮನೆಯಲ್ಲಿ ಉಳಿಯುವುದಿಲ್ಲ. ನಾವು ಹಾಕಬೇಕಾಗಿದ್ದದ್ದು ಅದನ್ನು.

ಮಧ್ಯಾಹ್ನ ಎರಡಾಗಿತ್ತು. ಹಿರಿಯರು ಇನ್ನೂ ಕೂತಿದ್ದರು. ನಾನು ಚೀಟಿ ಹಿಡಿದುಕೊಂಡು ರಸ್ತೆ ದಾಟಿದೆ. ಎದುರಿನ ಸಾಲಿನಲ್ಲಿ ಇನ್ನೊಂದು ಡಿಟಿಪಿ ಅಂಗಡಿ ಇದೆ. ಒಂದೇ ಕಸುಬಿನವರು ನಾವು, ಇಬ್ಬರಿಗೂ ಅದೇ ಗಿರಾಕಿಗಳು. ವಿಷಯ ಹೇಳಿದೆ. ಅವರು ತಮ್ಮ ಕುರ್ಚಿಯಿಂದ ಎದ್ದು, "ಕೂತ್ಕೊಳ್ಳಿ ಅಕ್ಕ, ನಂದು ಊಟದ ಹೊತ್ತು" ಅಂದರು. ಅವರ ಕಂಪ್ಯೂಟರಿನಲ್ಲಿ ಗ ಒತ್ತಿದೆ. ಗ ಬಂತು. ಚಿ|| ಸೌ|| ಮತ್ತು ಚಿ|| ರಾ|| ಹೆಸರುಗಳು, ಮಿಥುನ ಲಗ್ನದ ಮುಹೂರ್ತ, ಸುಖಾಗಮನ ಬಯಸುವವರ ಸಾಲು, ಎಲ್ಲ ಕೂರಿಸಿ ಪ್ರೂಫ್ ತೆಗೆದು ಹಿರಿಯರ ಕೈಗೆ ಕೊಟ್ಟೆ. ಬೆರಳಿಟ್ಟು ಒಂದೊಂದು ಸಾಲು ಓದಿ ಒಪ್ಪಿದರು. ನಾಲ್ಕು ಗಂಟೆಯ ಬಸ್ಸು ಹತ್ತಿದರು. ಎದುರಂಗಡಿಯವರು ಅದಕ್ಕೆ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಈ ಉಪಕಾರ ನಾನು ಮರೆಯುವುದಿಲ್ಲ.

ರಾತ್ರಿ ಊಟ ಆದಮೇಲೆ ಯಜಮಾನರೂ ನಾನೂ ಮತ್ತೆ ಅಂಗಡಿಗೆ ಬಂದೆವು. ಮಗಳು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು. ಅವಳು ಫೋನಿನಲ್ಲಿ, ನಾವು ಕಂಪ್ಯೂಟರಿನ ಮುಂದೆ. ಹೊರಗೆ ಗುಡುಗು. ಏಪ್ರಿಲ್ ಸಂಜೆಯ ಮಳೆ ಅಂದರೆ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು, ಯುಪಿಎಸ್ ಮೇಲೆ ಒಂದು ಕಣ್ಣು.

"ಅಮ್ಮ, ಚಿಹ್ನೆ ಬಂದು ಚುಕ್ಕಿ ತಿರುಗೋಕೆ ಶುರುವಾದ ಕೂಡಲೇ ಪವರ್ ಒತ್ತಿ ಹಿಡಿದು ಆರಿಸು. ಹೀಗೆ ಎರಡು ಮೂರು ಸಲ ಮಾಡು" ಅಂದಳು. ಸತತ ತೆರೆಯಲಾಗದೆ ಹೋದರೆ ವಿಂಡೋಸ್ 10 ತಾನೇ ರಿಪೇರಿ ಪುಟಕ್ಕೆ ಹೋಗುತ್ತದಂತೆ. ಹೋಯಿತು. ಅಲ್ಲಿಂದ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಪಟ್ಟಿ ಬಂದಾಗ 4 ಒತ್ತಿದೆ. ತೆರೆಯ ನಾಲ್ಕು ಮೂಲೆಗಳಲ್ಲಿ ಸೇಫ್ ಮೋಡ್ ಅಂತ ಬರೆದುಕೊಂಡು, ದೊಡ್ಡ ದೊಡ್ಡ ಗುರುತುಗಳ ಜೊತೆ ನನ್ನ ಡೆಸ್ಕ್‌ಟಾಪ್ ಕಾಣಿಸಿತು. ಫೋಲ್ಡರುಗಳೆಲ್ಲ ಇದ್ದವು. ಮೊದಲು ಅವನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿಗೆ ಹಾಕಿದೆ. ಅದಕ್ಕೇ ಒಂದೂವರೆ ಗಂಟೆ ಹಿಡಿಯಿತು. ಮಗಳು ಅಲ್ಲಿಯವರೆಗೂ ಮಲಗದೆ ಕಾದಳು.

ಆಮೇಲೆ ಆ ಎರಡನೇ ಆಂಟಿವೈರಸ್ಸನ್ನು ತೆಗೆಯಲು ಹೋದರೆ, ಸೇಫ್ ಮೋಡ್‌ನಲ್ಲಿ ಅನ್‌ಇನ್‌ಸ್ಟಾಲ್ ಆಗುವುದಿಲ್ಲ ಅಂತ ಬಂತು. ಸೇಫ್ ಮೋಡ್‌ನಲ್ಲಿ ವಿಂಡೋಸ್‌ನ ಇನ್‌ಸ್ಟಾಲರ್ ಸೇವೆಯೇ ಓಡುವುದಿಲ್ಲ. ಇದಕ್ಕೆ ಅಂತಲೇ ಆಂಟಿವೈರಸ್ ಕಂಪನಿಗಳು ತೆಗೆದುಹಾಕುವ ಸಣ್ಣ ಸಾಧನವೊಂದನ್ನು ತಮ್ಮ ವೆಬ್‌ಸೈಟಿನಲ್ಲಿ ಇಟ್ಟಿರುತ್ತವೆ. ಇದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಯಜಮಾನರ ಮೊಬೈಲಿನಲ್ಲಿ ಅದನ್ನು ಇಳಿಸಿಕೊಂಡು, ಮೊಬೈಲಿಗೆ ಪೆನ್‌ಡ್ರೈವ್ ಜೋಡಿಸುವ ಓಟಿಜಿ ಮೂಲಕ ಪೆನ್‌ಡ್ರೈವಿಗೆ ಹಾಕಿ, ಇಲ್ಲಿಗೆ ತಂದು ಓಡಿಸಿದೆವು. ಇನ್ನೊಂದನ್ನೂ ಈಗಲೇ ಕಿತ್ತು ಹಾಕಿಬಿಡೋಣ ಅಂತ ನನಗೆ ಕೈ ತುರಿಸುತ್ತಿತ್ತು.

"ಬೇಡ ಅಮ್ಮ, ತಡಿ. ನುಡಿ ಅದರ ಕ್ವಾರಂಟೈನ್‌ನಲ್ಲಿ ಇರಬಹುದು. ಅದನ್ನ ತೆಗೆದ್ರೆ ಒಳಗಿದ್ದದ್ದೂ ಹೋಗಬಹುದು" ಅಂದಳು.

ಈ ಒಂದು ಮಾತು ನಮ್ಮನ್ನು ಉಳಿಸಿತು. ಆಂಟಿವೈರಸ್ ಸಂಶಯದ ಫೈಲನ್ನು ಎಷ್ಟೋ ಸಲ ಪೂರ್ತಿ ನಾಶ ಮಾಡಿರುವುದಿಲ್ಲ. ಗುರುತು ಸಿಗದ ಹಾಗೆ ಬದಲಾಯಿಸಿ, ತನ್ನದೇ ಒಂದು ಬೀಗದ ಕೋಣೆಯಲ್ಲಿ ಇಟ್ಟಿರುತ್ತದೆ. ಬೀಗದ ಕೈ ಅದರ ಹತ್ತಿರವೇ ಇರುತ್ತದೆ.

ರೀಸ್ಟಾರ್ಟ್ ಮಾಡಿದೆವು. ಕಂಪ್ಯೂಟರ್ ತೆರೆದುಕೊಂಡಿತು. ರಾತ್ರಿ ಹನ್ನೆರಡೂಕಾಲು. ಆಂಟಿವೈರಸ್ ತೆರೆದು, ಒಂದು ಪುಟದ ಒಳಗೆ ಇನ್ನೊಂದು ಪುಟ ದಾಟಿ, ಕೊನೆಗೆ ಕ್ವಾರಂಟೈನ್ ಪಟ್ಟಿ ಸಿಕ್ಕಿತು. ನುಡಿ ಇತ್ತು. ಭಾನುವಾರ ಏನೂ ಆಗಿರಲಿಲ್ಲ. ಸೋಮವಾರ ಬೆಳಿಗ್ಗೆ ಆನ್ ಮಾಡಿದ ಕೂಡಲೇ ಹೊಸ ಅಪ್‌ಡೇಟ್ ಇಳಿದು, ಐದು ನಿಮಿಷದಲ್ಲಿ ಅದನ್ನು ಹಿಡಿದಿತ್ತು.

ಪಟ್ಟಿ ಅಲ್ಲಿಗೆ ಮುಗಿಯಲಿಲ್ಲ. ಒಟ್ಟು ಏಳು ಫೈಲುಗಳಿದ್ದವು. ಹಳೆಯ ಕನ್ನಡ ಫಾಂಟಿನ ಬರಹವನ್ನು ಯೂನಿಕೋಡ್ ಮಾಡುವ ಒಂದು ಪರಿವರ್ತಕ. ಹಳೆಯ ಪ್ರಿಂಟರಿನ ಇಂಕ್ ಲೆಕ್ಕ ತೋರಿಸುವ ಒಂದು ಸಣ್ಣ ತಂತ್ರಾಂಶ. ಎರಡು ಮಾತ್ರ ನಿಜವಾಗಿ ಯಾರದೋ ಪೆನ್‌ಡ್ರೈವಿನಿಂದ ಬಂದ ವೈರಸ್. ಕೆಳಗಿನಿಂದ ಎರಡನೇ ಸಾಲಿನಲ್ಲಿ ಒಂದು ಎಕ್ಸೆಲ್ ಫೈಲು, ಹೆಸರು ಕಾಗದ ಲೆಕ್ಕ.

ಅದನ್ನು ನೋಡಿ ಯಜಮಾನರೂ ನಾನೂ ಮಾತಾಡಲಿಲ್ಲ. ಅದು ಮಾವನವರು ಮಾಡಿಟ್ಟ ಫೈಲು. ಅರವತ್ತು ದಾಟಿದ ಮೇಲೆ ಅವರು ಕಂಪ್ಯೂಟರ್ ಕಲಿತರು. ನೆಂಟರ ಹುಡುಗನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಿಂಗಳುಗಟ್ಟಲೆ ಅದನ್ನು ಬರೆಸಿದರು. ಎಷ್ಟು ಪ್ರತಿ, ಯಾವ ಅಳತೆ ಅಂತ ಹಾಕಿದರೆ, ಡೆಮ್ಮಿ ಅಳತೆಯ ಹಾಳೆ ಎಷ್ಟು, ಕ್ರೌನ್ ಅಳತೆಯದಾದರೆ ಎಷ್ಟು, ಎಷ್ಟು ರೀಮು ತರಬೇಕು, ಹೇಗೆ ಕತ್ತರಿಸಿದರೆ ಕಡಿಮೆ ಹಾಳಾಗುತ್ತದೆ, ಎಲ್ಲ ಹೇಳುತ್ತಿತ್ತು. ಒಳಗೆ ಮ್ಯಾಕ್ರೋಗಳಿದ್ದವು. ಮ್ಯಾಕ್ರೋ ಅಂದರೆ ಎಕ್ಸೆಲ್ ಒಳಗೇ ಓಡುವ ಪುಟ್ಟ ಪ್ರೋಗ್ರಾಂ. ವೈರಸ್ ಬರೆಯುವವರೂ ಅದನ್ನು ತುಂಬಾ ಬಳಸಿದ್ದರಿಂದ ಆಂಟಿವೈರಸ್‌ಗೆ ಮ್ಯಾಕ್ರೋ ಕಂಡರೆ ಸಂಶಯ. ಮಾವನವರು ತೀರಿಕೊಂಡು ಆಗಲೇ ನಾಲ್ಕು ವರ್ಷ ಆಗಿತ್ತು.

ಆ ಫೈಲು ಕಾಣದೆ ಹೋದದ್ದು ಜನವರಿ ಕೊನೆಯಲ್ಲಿ. ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಎದುರಿಗಿತ್ತು, ಕರಪತ್ರದ ಕೆಲಸ ಮೈಮೇಲಿತ್ತು. ಜಾಗ ಖಾಲಿ ಮಾಡಲು ಹೋಗಿ ಯಜಮಾನರೇ ಅಳಿಸಿದ್ದಾರೆ ಅಂತ ನಾನು ತಿಳಿದಿದ್ದೆ. "ಅಪ್ಪನದೇ ಅದು, ಇಟ್ಟುಕೊಳ್ಳೋಕೆ ಆಗಲಿಲ್ವಾ" ಅಂತ ಕಟುವಾಗಿ ಆಡಿದ್ದೆ. ಅವರು, ನಾನು ಮುಟ್ಟಿಲ್ಲ ಅಂತ ಒಂದು ಸಲ ಹೇಳಿ ಸುಮ್ಮನಾಗಿದ್ದರು. ಪಟ್ಟಿಯಲ್ಲಿ ತಾರೀಖು ಇತ್ತು. ಜನವರಿ 30, ಮಧ್ಯಾಹ್ನದ ಸ್ಕ್ಯಾನ್ ಹೊತ್ತು. ಪಕ್ಕದ ಸೆಟ್ಟಿಂಗಿನಲ್ಲಿ 90 ದಿನ ಆದ ಫೈಲುಗಳನ್ನು ತಾನಾಗೇ ಅಳಿಸು ಅಂತ ಗುರುತು ಹಾಕಿತ್ತು. ಬೆರಳೆಣಿಸಿದೆ. ಇನ್ನು ಎರಡು ವಾರವೂ ಉಳಿದಿರಲಿಲ್ಲ.

ಅವರ ಕೈ ಹಿಡಿದು, ತಪ್ಪಾಯ್ತು ಅಂದೆ. "ಇರ್ಲಿ ಬಿಡು, ಸಿಕ್ತಲ್ಲ" ಅಂದರು.

ಒಂದೊಂದನ್ನೇ ಹೊರಗೆ ತರಲು ಒಂದು ಕ್ರಮ ಇದೆ. ಸುಮ್ನೆ ರಿಸ್ಟೋರ್ ಒತ್ತಿದರೆ ಫೈಲು ಹೊರಗೆ ಬಂದ ಕ್ಷಣವೇ ಮತ್ತೆ ಹಿಡಿಯುತ್ತದೆ, ಹಾಗೆ ಒಂದು ಸಲ ಆಗಿಯೂ ಹೋಯಿತು. ಮೊದಲು ಆ ಫೋಲ್ಡರನ್ನು ಎಕ್ಸ್‌ಕ್ಲೂಶನ್ ಪಟ್ಟಿಗೆ, ಅಂದರೆ ಇದನ್ನು ಮುಟ್ಟಬೇಡ ಅನ್ನುವ ಪಟ್ಟಿಗೆ ಸೇರಿಸಬೇಕು. ಆಮೇಲೆ ರಿಸ್ಟೋರ್. ಆದರೆ ಅದಕ್ಕೂ ಮೊದಲು ಇನ್ನೊಂದು ಕೆಲಸ ಇದೆ. ಆಂಟಿವೈರಸ್ ಹೇಳಿದ್ದು ನಿಜ ಆಗಿರಲೂಬಹುದು ಅಲ್ವಾ? ನನ್ನ ಪೆನ್‌ಡ್ರೈವಿನ ನುಡಿಗೆ ನಿಜವಾಗಿ ಏನಾದರೂ ಅಂಟಿದ್ದರೆ? ಮಗಳು ನುಡಿಯ ಸೆಟಪ್ಪನ್ನು ಹೊಸದಾಗಿ ಇಳಿಸಿ ವೈರಸ್‌ಟೋಟಲ್‌ಗೆ ಹಾಕಿ ನೋಡಿದಳು. ನಾವು ಕೊಟ್ಟ ಫೈಲನ್ನು ಎಪ್ಪತ್ತರ ಆಸುಪಾಸಿನ ಆಂಟಿವೈರಸ್ ಎಂಜಿನ್‌ಗಳ ಮುಂದಿಟ್ಟು ಪ್ರತಿಯೊಂದರ ಉತ್ತರ ತೋರಿಸುವ ತಾಣ ಅದು. ಬೆರಳೆಣಿಕೆಯಷ್ಟು ಮಾತ್ರ ಸಂಶಯ ಅಂದವು. ಅವೂ ಯಾವ ವೈರಸ್ಸಿನ ಹೆಸರನ್ನೂ ಹೇಳಲಿಲ್ಲ. ನಡವಳಿಕೆ ಸರಿ ಕಾಣುತ್ತಿಲ್ಲ ಅನ್ನುವಂಥ ಒಂದು ಸಾಮಾನ್ಯ ಹೆಸರು ಕೊಟ್ಟವು. ಉಳಿದವು ಸರಿ ಅಂದವು. ಒಂದು ದೊಡ್ಡ ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಗಿರಾಕಿಗಳ ಆಧಾರ್, ಪಾನ್, ಬ್ಯಾಂಕ್ ಕಾಗದದ ಫೈಲುಗಳನ್ನು ಆ ತಾಣಕ್ಕೆ ಹಾಕಬಾರದು. ಅಲ್ಲಿಗೆ ಹೋದ ಫೈಲು ಬೇರೆಯವರ ಕೈಗೂ ಸಿಗುತ್ತದೆ.

ನುಡಿಯ ನಡವಳಿಕೆ ಯಾಕೆ ಸರಿ ಕಾಣುವುದಿಲ್ಲ? ಇದನ್ನು ತಿಳಿದ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು, ನೋವು ಜಾಸ್ತಿ ಆಯಿತು. ನಾವು ಒತ್ತುವ ಪ್ರತಿ ಕೀಲಿಯನ್ನೂ ನುಡಿ ಮಧ್ಯದಲ್ಲಿ ಹಿಡಿಯಬೇಕು. ಹಿಡಿಯದಿದ್ದರೆ ಗ ಒತ್ತಿದಾಗ ಗ ಬರುವುದಿಲ್ಲ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಅನ್ನುವ ಕಳ್ಳ ತಂತ್ರಾಂಶವೂ ಇದೇ ಕೆಲಸ ಮಾಡುತ್ತದೆ. ಇದು ಜೋಡಿಸಿ ಕೊಡುತ್ತದೆ, ಅದು ಕದ್ದು ಕಳಿಸುತ್ತದೆ. ದೂರದಿಂದ ನೋಡುವವರಿಗೆ ಎರಡೂ ಒಂದೇ ಥರ. ಜೊತೆಗೆ ಈಗಿನ ಆಂಟಿವೈರಸ್ ಬರೀ ವೈರಸ್ಸಿನ ಗುರುತು ಹುಡುಕುವುದಿಲ್ಲ. ಈ ಫೈಲು ಜಗತ್ತಿನ ಎಷ್ಟು ಕಂಪ್ಯೂಟರುಗಳಲ್ಲಿದೆ, ಎಷ್ಟು ದಿನದಿಂದ ಕಂಡಿದೆ, ಮಾಡಿದವರ ಡಿಜಿಟಲ್ ಸಹಿ ಇದೆಯೇ ಅಂತಲೂ ನೋಡುತ್ತದೆ. ಕೋಟಿಗಟ್ಟಲೆ ಜನ ಬಳಸುವ ತಂತ್ರಾಂಶಕ್ಕೆ ಮರ್ಯಾದೆ ತಾನಾಗೇ ಸಿಗುತ್ತದೆ. ನಮ್ಮ ಭಾಷೆಗೆ ಅಂತ ಮಾಡಿದ ಸಾಧನಗಳನ್ನು ಬಳಸುವವರು ಕಡಿಮೆ. ಆ ಸಹಿಗೆ ದುಡ್ಡು ಕಟ್ಟಬೇಕು, ಅವಧಿ ಮುಗಿದಾಗ ಮತ್ತೆ ಕಟ್ಟಬೇಕು. ಯಾರೋ ಒಬ್ಬರ ಉತ್ಸಾಹದಲ್ಲಿ ಹುಟ್ಟಿ ಉಚಿತವಾಗಿ ಹಂಚಿದ ಪರಿವರ್ತಕಕ್ಕೆ ಆ ದುಡ್ಡು ಯಾರು ಕಟ್ಟಬೇಕು? ಪರಿಚಯ ಇಲ್ಲದವರನ್ನು ಕಳ್ಳರು ಅಂದುಕೊಳ್ಳುವುದು ತಪ್ಪು ಅಂತ ನಾವು ಮಕ್ಕಳಿಗೆ ಹೇಳುತ್ತೇವೆ. ಮಾವನವರ ಕಾಗದ ಲೆಕ್ಕದ ಪ್ರತಿ ಇಡೀ ಜಗತ್ತಿನಲ್ಲಿ ಇದ್ದದ್ದು ಒಂದೇ ಕಂಪ್ಯೂಟರಿನಲ್ಲಿ. ಅದಕ್ಕೆ ಯಾರ ಸಾಕ್ಷಿ ಸಿಗಬೇಕಿತ್ತು?

ಮಾರನೆಯ ದಿನ ಆಂಟಿವೈರಸ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಇಂಗ್ಲಿಷ್ ಅಥವಾ ಹಿಂದಿ ಆರಿಸಿ ಅಂದಿತು. ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಇದು ಕನ್ನಡ ಟೈಪ್ ಮಾಡುವ ತಂತ್ರಾಂಶ, ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲೇ ಬಳಸುತ್ತಾರೆ ಅಂದೆ. ಆ ಕಡೆಯ ಹುಡುಗಿ ತಾಳ್ಮೆಯಿಂದ ಕೇಳಿಕೊಂಡಳು. ಫೈಲನ್ನು ಪರಿಶೀಲನೆಗೆ ಕಳಿಸಲು ಒಂದು ವಿಳಾಸ ಕೊಟ್ಟಳು. ಕಳಿಸಿದೆ. ಐದು ದಿನದ ನಂತರ ಉತ್ತರ ಬಂತು. ಇದು ತಪ್ಪು ಗುರುತು, ಮುಂದಿನ ಅಪ್‌ಡೇಟ್‌ನಲ್ಲಿ ಸರಿಪಡಿಸಿದ್ದೇವೆ ಅಂತ ಎರಡು ಸಾಲು. ಹಾಳಾದ ನನ್ನ ಕೆಲಸದ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಆದರೂ ಕಳಿಸಿದ್ದು ಒಳ್ಳೆಯದಾಯಿತು ಅಂತ ಈಗಲೂ ಅನ್ನಿಸುತ್ತದೆ. ಅದೇ ಆಂಟಿವೈರಸ್ ಇಟ್ಟುಕೊಂಡ ಬೇರೆ ಊರಿನ ಇನ್ನೊಬ್ಬರ ನುಡಿ ಉಳಿದಿರಬೇಕು. ಹೀಗೆ ಆದವರು ಬರೀ ಬೈದು ಬಿಡಬೇಡಿ. ಅರ್ಧ ಗಂಟೆ ಖರ್ಚು ಮಾಡಿ ಆ ಫೈಲು ಕಳಿಸಿ.

ಜೂನ್‌ನಲ್ಲಿ ಅದೇ ಆಂಟಿವೈರಸ್ ಯೂನಿಕೋಡ್ ಪರಿವರ್ತಕವನ್ನು ಮತ್ತೆ ಹಿಡಿಯಿತು. ಆಗ ನಿರ್ಧಾರ ಮಾಡಿದೆ. ಬೇಕಾದ ಫೈಲುಗಳನ್ನೆಲ್ಲ ಕ್ವಾರಂಟೈನ್‌ನಿಂದ ಹೊರಗೆ ತಂದು, ಬ್ಯಾಕಪ್ ಮಾಡಿ, ಆ ಆಂಟಿವೈರಸ್ಸನ್ನೇ ತೆಗೆದೆ. ದುಡ್ಡು ಕೊಟ್ಟ ಅವಧಿ ಇನ್ನೂ ಉಳಿದಿತ್ತು, ಆ ದುಡ್ಡು ಹೋದರೆ ಹೋಗಲಿ ಅಂದುಕೊಂಡೆ. ವಿಂಡೋಸ್‌ನಲ್ಲೇ ಡಿಫೆಂಡರ್ ಅನ್ನುವ ಆಂಟಿವೈರಸ್ ಇದೆ. ಹೊರಗಿನದು ಇರುವಷ್ಟು ದಿನ ಅದು ಹಿಂದೆ ಸರಿದಿರುತ್ತದೆ, ತೆಗೆದ ಕೂಡಲೇ ತಾನಾಗೇ ಎದ್ದು ನಿಲ್ಲುತ್ತದೆ. ಕಾವಲು ಇಲ್ಲದೆ ನಾವು ಒಂದು ದಿನವೂ ಇರಲಿಲ್ಲ. ಅದೇನೂ ತಪ್ಪೇ ಮಾಡುವುದಿಲ್ಲ ಅಂತಲ್ಲ. ಅಪರಿಚಿತ ಸೆಟಪ್ ಓಡಿಸಿದರೆ ವಿಂಡೋಸ್ ಕೂಡ ನೀಲಿ ಪೆಟ್ಟಿಗೆ ತೋರಿಸಿ ತಡೆಯುತ್ತದೆ. ಆದರೆ ಹೆಚ್ಚು ಮಾಹಿತಿ ಅಂತ ಒತ್ತಿದರೆ, ಆದರೂ ಓಡಿಸು ಅನ್ನುವ ಗುಂಡಿ ಅಲ್ಲಿ ಸಿಗುತ್ತದೆ. ತೀರ್ಮಾನ ನನ್ನ ಕೈಯಲ್ಲಿ ಉಳಿಯುತ್ತದೆ. ನನಗೆ ಬೇಕಾಗಿದ್ದದ್ದು ಅಷ್ಟೇ.

ಹಾಗೇ ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿದೆ, ರ‍್ಯಾಮ್ ಎಂಟು ಜಿಬಿ ಮಾಡಿಸಿದೆ. ಪೆನ್‌ಡ್ರೈವುಗಳಿಗೆ ಅಂತ ಮೂಲೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇಟ್ಟಿದ್ದೇನೆ. ಮೊದಲು ಅಲ್ಲಿ ಸ್ಕ್ಯಾನ್ ಆಗಿ, ಬೇಕಾದ ಫೈಲು ಮಾತ್ರ ಈ ಕಡೆ ಬರುತ್ತದೆ. ಪ್ರತಿ ಶನಿವಾರ ಸಂಜೆ ಹೊರಗಿನ ಡಿಸ್ಕಿಗೆ ಬ್ಯಾಕಪ್ ಹಾಕಿ, ತಂತಿ ಕಿತ್ತು ಮನೆಗೆ ಒಯ್ಯುತ್ತೇನೆ.

ಮರುವರ್ಷ, 2024ರ ಜುಲೈ 19ರಂದು, ಟಿವಿಯಲ್ಲಿ ಸುದ್ದಿ ನೋಡುತ್ತಿದ್ದೆ. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಲ್ಲೆಲ್ಲ ಕಂಪ್ಯೂಟರುಗಳು ನೀಲಿ ತೆರೆಗೆ ಬಂದು ನಿಂತಿದ್ದವು. ಆಮೇಲೆ ಮೈಕ್ರೋಸಾಫ್ಟ್ ಹೇಳಿದ ಲೆಕ್ಕ 85 ಲಕ್ಷ. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಅದನ್ನು ಸರಿಪಡಿಸಿದ್ದು ಹೇಗೆ ಅಂದರೆ, ಸೇಫ್ ಮೋಡ್‌ಗೆ ಹೋಗಿ ಆ ಒಂದು ಫೈಲನ್ನು ಕೈಯಾರೆ ಅಳಿಸಿ. ಒಂದೊಂದು ಕಂಪ್ಯೂಟರಿನ ಮುಂದೆ ಒಬ್ಬೊಬ್ಬರು ಕೂತು. ಇದು ಮೊದಲ ಸಲವೂ ಅಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫೀಯ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈಲೊಂದನ್ನೇ ವೈರಸ್ ಅಂತ ಹಿಡಿದು, ಎಷ್ಟೋ ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗತೊಡಗಿದ್ದವಂತೆ. ಅಂಥ ತೆರೆಯ ಮುಂದೆ ರಾತ್ರಿ ಕೂತವರ ಸಂಕಟ ಏನು ಅಂತ ನನಗೆ ಗೊತ್ತು. ಟಿವಿ ನೋಡುತ್ತಾ ಅವರ ಪರವಾಗಿ ಎದೆ ಹೊಡೆದುಕೊಂಡಿತು.

ಹೊಸನಗರದ ಹಿರಿಯರ ಕಾರ್ಡು ಗುರುವಾರ ಮಧ್ಯಾಹ್ನ ತಯಾರಾಯಿತು. ಅದಕ್ಕೆ ಕಾಗದ ಕತ್ತರಿಸುವ ಮೊದಲು, ಮಂಗಳವಾರ ಬೆಳಿಗ್ಗೆ, ಯಜಮಾನರು ಹಿಂದಿನ ಕೋಣೆಯಿಂದ ಎದ್ದು ಬಂದು ನನ್ನ ಪಕ್ಕ ಸ್ಟೂಲ್ ಎಳೆದು ಕೂತರು. ಕಾಗದ ಲೆಕ್ಕ ತೆರೆದೆ. ಪ್ರತಿ ಅನ್ನುವ ಜಾಗದಲ್ಲಿ 400 ಹಾಕಿದೆ, ಅಳತೆ ಹಾಕಿದೆ. ಕೆಳಗೆ ಹಾಳೆಯ ಲೆಕ್ಕ ಬಂತು. ಅದರ ಪಕ್ಕದಲ್ಲಿ, ಮಿಷನ್ ಬಿಸಿಯಾಗುವವರೆಗೆ ಹಾಳಾಗುವುದಕ್ಕೆ ಅಂತ ಹತ್ತು ಹಾಳೆ ಜಾಸ್ತಿ. ಮಾವನವರು ಯಾವಾಗಲೂ ಹತ್ತೇ ಸೇರಿಸುತ್ತಿದ್ದರು. ಯಜಮಾನರು ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮಿಷನ್ ಕಡೆ ಹೋದರು.